ಹಲ್ಲಿನ ಕ್ಲಿಪ್ ಯಾರಿಗೆ ಸಿಗಬೇಕು, ಯಾವಾಗ ಸಿಗಬೇಕು?

ಹತ್ತು ವರ್ಷದ ಹುಡುಗಿಯೊಬ್ಬಳು ಶಾಲೆಯ ದಂತ ತಪಾಸಣೆಯಲ್ಲಿ ಬಾಯಿ ತೆರೆದು ಕೂತಿದ್ದಾಳೆ ಅಂದುಕೊಳ್ಳಿ. ಡಾಕ್ಟರು ಮೊದಲು ಹುಳುಕು ಇದೆಯಾ ನೋಡುತ್ತಾರೆ. ಆಮೇಲೆ ಕನ್ನಡಿ ಪಕ್ಕಕ್ಕಿಟ್ಟು, ತೋರುಬೆರಳನ್ನು ಮೇಲ್ತುಟಿಯ ಒಳಗೆ ಸರಿಸಿ ಒಸಡಿನ ಮೇಲೆ ಮೆಲ್ಲಗೆ ಸವರುತ್ತಾರೆ. ಹಾಲುಹಲ್ಲಿನ ಕೋರೆಯ ಮೇಲೆ ಒಂದು ಗಟ್ಟಿ ಉಬ್ಬು ಕೈಗೆ ಸಿಗಬೇಕು. ಬಲಗಡೆ ಸಿಗುತ್ತದೆ. ಎಡಗಡೆ ಸಿಗುವುದಿಲ್ಲ. ಇನ್ನೊಂದು ಸಲ ಸವರುತ್ತಾರೆ. ಇಲ್ಲ. ಕಾರ್ಡಿನಲ್ಲಿ ಒಂದು ಸಾಲು ಬರೆದು ಎಕ್ಸ್‌ರೇಗೆ ಕಳಿಸುತ್ತಾರೆ. ಇಷ್ಟಕ್ಕೆ ಹಿಡಿದದ್ದು ಅರ್ಧ ನಿಮಿಷ.

ಆ ಉಬ್ಬು ಬೇರೇನೂ ಅಲ್ಲ, ಒಳಗಿನಿಂದ ಇಳಿದು ಬರುತ್ತಿರುವ ಶಾಶ್ವತ ಕೋರೆಹಲ್ಲು. ಸುಮಾರು ಹತ್ತನೇ ವಯಸ್ಸಿಗೆ ಅದು ಬೆರಳಿಗೆ ತಾಗಬೇಕು, ಹನ್ನೊಂದು ಹನ್ನೆರಡಕ್ಕೆ ಹೊರಗೆ ಕಾಣಬೇಕು. ನೂರರಲ್ಲಿ ಸುಮಾರು ಇಬ್ಬರಿಗೆ ಮೇಲಿನ ಕೋರೆಹಲ್ಲು ದಾರಿ ತಪ್ಪಿ ದವಡೆಯೊಳಗೇ ಸಿಕ್ಕಿಕೊಳ್ಳುತ್ತದೆ. ಬಹಳ ಸಲ ಅಂಗುಳದ ಕಡೆಗೆ ತಿರುಗಿರುತ್ತದೆ. ಸುಮ್ನೆ ಬಿಟ್ಟರೆ ಪಕ್ಕದ ಬಾಚಿಹಲ್ಲಿನ ಬೇರನ್ನೇ ಸವೆಸಿಬಿಡಬಹುದು. ನೋವಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ತಾಯಿ ತಂದೆಗೆ ಗೊತ್ತಾಗುವ ದಾರಿಯೇ ಇಲ್ಲ.

1988ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಎಂಬ ದಂತವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಹತ್ತರಿಂದ ಹದಿಮೂರು ವರ್ಷದ ಮಕ್ಕಳಲ್ಲಿ ಹೀಗೆ ದಾರಿ ತಪ್ಪಿದ 46 ಕೋರೆಹಲ್ಲುಗಳನ್ನು ಅವರು ನೋಡಿದ್ದರು. ಮಾಡಿದ್ದು ಒಂದೇ ಕೆಲಸ: ಅಡ್ಡ ನಿಂತಿದ್ದ ಹಾಲುಹಲ್ಲಿನ ಕೋರೆಯನ್ನು ಕಿತ್ತರು. 36 ಹಲ್ಲುಗಳು, ಅಂದರೆ 78%, ತಾವಾಗಿಯೇ ಸರಿದಾರಿಗೆ ಬಂದವು. ಇದೇ ತೊಂದರೆ ಹದಿನೈದನೇ ವಯಸ್ಸಿಗೆ ಗೊತ್ತಾದರೆ ಕಥೆ ಬೇರೆ. ಒಸಡು ಸೀಳಿ ಆಪರೇಷನ್, ಒಳಗಿರುವ ಹಲ್ಲಿಗೆ ಚಿನ್ನದ ಬಣ್ಣದ ಸಣ್ಣ ಸರಪಳಿ ಅಂಟಿಸಿ ಎಳೆಯುವುದು, ಎರಡು ವರ್ಷ ಕ್ಲಿಪ್. ಒಂದು ಹಾಲುಹಲ್ಲು ಕೀಳುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಸಾರ್ವಜನಿಕ ಶಾಲಾ ದಂತ ಸೇವೆಯಲ್ಲಿ ವಕ್ರದಂತ ಚಿಕಿತ್ಸೆ ಇರಬೇಕಾ ಬೇಡವಾ ಅಂತ ಮಾತು ಶುರುವಾದ ಕೂಡಲೇ ಚರ್ಚೆ ಕ್ಲಿಪ್ಪಿನ ಖರ್ಚಿನ ಸುತ್ತಲೇ ತಿರುಗುತ್ತದೆ. ಎಲ್ಲರಿಗೂ ಕೊಡೋಕಾಗುತ್ತಾ, ಯಾರ ದುಡ್ಡು, ಇದು ಅಂದಕ್ಕಾ ಆರೋಗ್ಯಕ್ಕಾ ಅಂತ. ಆ ಪ್ರಶ್ನೆಗಳು ಬೇಕು, ಅವುಗಳ ಬಗ್ಗೆ ಮುಂದೆ ಬರೆದಿದ್ದೇನೆ. ಆದರೆ ಶಾಲಾ ಸೇವೆಗೆ ಮಾತ್ರ ಸಾಧ್ಯವಾಗುವ ಕೆಲಸ ಇರುವುದು ಆ ಬೆರಳಿನಲ್ಲಿ. ತೊಂದರೆ ಇಲ್ಲದ ಮಗುವನ್ನೂ ಸರಿಯಾದ ವಯಸ್ಸಿನಲ್ಲಿ ನೋಡುವ ವ್ಯವಸ್ಥೆ ಇನ್ನೆಲ್ಲೂ ಇಲ್ಲ. ಖಾಸಗಿ ಕ್ಲಿನಿಕ್ಕಿಗೆ ಮಗು ಬರುವುದು ನೋವಾದ ಮೇಲೆ, ಇಲ್ಲವೇ ಹಲ್ಲು ಸೊಟ್ಟಗಾಗಿದೆ ಅಂತ ಕನ್ನಡಿ ಹೇಳಿದ ಮೇಲೆ.

ಈ ಸೇವೆಗಳು ಹುಟ್ಟಿದ್ದೇ ಹುಳುಕಿನ ವಿರುದ್ಧ. ನ್ಯೂಜಿಲೆಂಡಿನಲ್ಲಿ 1921ರಲ್ಲಿ ಥಾಮಸ್ ಹಂಟರ್ ಮುಂದಾಳತ್ವದಲ್ಲಿ ಶಾಲಾ ದಂತ ಸೇವೆ ಶುರುವಾಯಿತು. ಯುವತಿಯರಿಗೆ ಹಲ್ಲು ತುಂಬುವುದು, ಕೀಳುವುದು ಕಲಿಸಿ ದಂತದಾದಿಯರಾಗಿ ಶಾಲೆಗಳಿಗೆ ಕಳಿಸಿದರು. ಬೇರೆ ಹಲವು ದೇಶಗಳು ಇದನ್ನೇ ನೋಡಿ ಕಲಿತವು. ಹುಳುಕಿನ ಹೊರೆ ಇವತ್ತಿಗೂ ಇಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 51.4 ಕೋಟಿ ಮಕ್ಕಳ ಹಾಲುಹಲ್ಲಿನಲ್ಲಿ ಹುಳುಕಿದೆ. ಹೀಗಿರುವಾಗ ವಕ್ರದಂತಕ್ಕೆ ಜಾಗ ಎಲ್ಲಿ ಅಂತ ಆಡಳಿತ ನಡೆಸುವವರು ಕೇಳುವುದು ಅರ್ಥವಾಗುತ್ತದೆ. ನ್ಯೂಜಿಲೆಂಡಿನಲ್ಲಿ ಹದಿನೆಂಟರವರೆಗೆ ಸಾಮಾನ್ಯ ದಂತ ಚಿಕಿತ್ಸೆ ಉಚಿತ, ಕ್ಲಿಪ್ ಮಾತ್ರ ಅದರಲ್ಲಿ ಸೇರಿಲ್ಲ. ಫಿನ್ಲೆಂಡ್, ಡೆನ್ಮಾರ್ಕ್‌ಗಳು ಬೇರೆ ದಾರಿ ಹಿಡಿದಿವೆ. ಅಲ್ಲಿ ಸ್ಥಳೀಯ ಆಡಳಿತದ ಮಕ್ಕಳ ದಂತ ಸೇವೆಯೇ ಅಗತ್ಯವಿರುವ ಮಕ್ಕಳಿಗೆ ಕ್ಲಿಪ್ಪನ್ನೂ ಉಚಿತವಾಗಿ ಹಾಕುತ್ತದೆ.

ಹೊರೆಯ ಲೆಕ್ಕ ಹೀಗಿದೆ. ಒಂದು ಹುಳುಕು ತುಂಬಲು ಒಂದು ಭೇಟಿ ಸಾಕು. ಕ್ಲಿಪ್ ಹಾಕಿದರೆ ಒಂದೂವರೆ ಎರಡು ವರ್ಷ, ಆರರಿಂದ ಎಂಟು ವಾರಕ್ಕೊಮ್ಮೆ ಭೇಟಿ. ಯೋಜನೆ ಹಾಕೋಕೆ ದಂತವೈದ್ಯ ಪದವಿಯ ಮೇಲೆ ಮತ್ತೆ ಕೆಲವು ವರ್ಷ ಓದಿದ ಆರ್ಥೊಡಾಂಟಿಸ್ಟ್, ಅಂದರೆ ವಕ್ರದಂತ ತಜ್ಞ, ಬೇಕು. ಅವಸರ ಮಾಡಿ ಮುಗಿಸುವ ಹಾಗೂ ಇಲ್ಲ. ತಂತಿ ಹಲ್ಲನ್ನು ಒತ್ತಿದಾಗ ಒಂದು ಕಡೆಯ ಮೂಳೆ ಕರಗಬೇಕು, ಇನ್ನೊಂದು ಕಡೆ ಹೊಸ ಮೂಳೆ ಕಟ್ಟಬೇಕು, ಆಗ ಹಲ್ಲು ಸರಿಯುತ್ತದೆ. ಜಾಸ್ತಿ ಬಲ ಹಾಕಿದರೆ ಬೇರು ಸವೆಯುವ ಅಪಾಯ ಹೆಚ್ಚುತ್ತದೆ.

ಅಂದಮೇಲೆ ಎಲ್ಲರಿಗೂ ಕೊಡಲು ಆಗುವುದಿಲ್ಲ. ಎಲ್ಲೋ ಒಂದು ಗೆರೆ ಎಳೆಯಲೇಬೇಕು.

ಮಿಲಿಮೀಟರಿನ ಗೆರೆ

1989ರಲ್ಲಿ ಬ್ರೂಕ್ ಮತ್ತು ಶಾ ಎಂಬ ಬ್ರಿಟಿಷ್ ತಜ್ಞರು ಚಿಕಿತ್ಸೆಯ ಅಗತ್ಯವನ್ನು ಅಳೆಯುವ ಒಂದು ಸೂಚ್ಯಂಕ ಮಾಡಿದರು. ಐಒಟಿಎನ್ ಅಂತ ಅದನ್ನು ಕರೆಯುತ್ತಾರೆ. ಅದರಲ್ಲಿ ಎರಡು ಭಾಗ. ಆರೋಗ್ಯದ ಭಾಗದಲ್ಲಿ 1ರಿಂದ 5ರವರೆಗೆ ದರ್ಜೆ. ನೋಟದ ಭಾಗದಲ್ಲಿ ಹತ್ತು ಫೋಟೊ, ಚೆಂದದ ಸಾಲಿನಿಂದ ತೀರಾ ಅಸ್ತವ್ಯಸ್ತ ಸಾಲಿನವರೆಗೆ. ಮಗುವಿನ ಹಲ್ಲು ಯಾವ ಫೋಟೊಗೆ ಹತ್ತಿರ ಅಂತ ನೋಡಿ ಅಂಕ ಕೊಡುತ್ತಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹದಿನೆಂಟರೊಳಗಿನವರಿಗೆ ದರ್ಜೆ 4 ಅಥವಾ 5 ಇದ್ದರೆ ಚಿಕಿತ್ಸೆ ಉಚಿತ. ದರ್ಜೆ 3 ಇದ್ದರೆ ನೋಟದ ಅಂಕ 6 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

ಇದನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಮಗು ಹಿಂಬದಿ ಹಲ್ಲು ಕಚ್ಚಿ ಹಿಡಿಯುತ್ತದೆ. ಮೇಲಿನ ಬಾಚಿಹಲ್ಲಿಗೂ ಕೆಳಗಿನದಕ್ಕೂ ನಡುವೆ ಎಷ್ಟು ಅಂತರ ಅಂತ ಡಾಕ್ಟರು ಸಣ್ಣ ಅಳತೆಪಟ್ಟಿ ಇಟ್ಟು ನೋಡುತ್ತಾರೆ. 9 ಮಿಲಿಮೀಟರಿಗಿಂತ ಜಾಸ್ತಿ ಉಬ್ಬಿದ್ದರೆ ದರ್ಜೆ 5. 6ಕ್ಕಿಂತ ಜಾಸ್ತಿ ಇದ್ದು 9ರೊಳಗಿದ್ದರೆ ದರ್ಜೆ 4. ಸರಿಯಾಗಿ 6 ಇದ್ದರೆ, ತುಟಿ ಸಲೀಸಾಗಿ ಮುಚ್ಚದಿದ್ದರೆ 3, ಮುಚ್ಚುವುದಾದರೆ 2. ಅಂದರೆ ಆರೂವರೆ ಇರುವ ಹುಡುಗ ಒಳಗೆ, ಆರು ಇರುವ ಹುಡುಗಿ ಬಹುಶಃ ಹೊರಗೆ. ಮಗು ದವಡೆಯನ್ನು ಒಂದು ಚೂರು ಮುಂದೆ ತಂದು ಕಚ್ಚಿದರೆ ಅಳತೆಯೇ ಬದಲಾಗುತ್ತದೆ. ಹಾಗಾಗಿ ಗೆರೆಯ ಆಚೀಚೆ ಇರುವ ಮಕ್ಕಳನ್ನು ಎರಡು ಬೇರೆ ದಿನ ಅಳೆಯಬೇಕು, ಇಬ್ಬರು ಅಳೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಖರ್ಚು ಹೆಚ್ಚೇನೂ ಆಗುವುದಿಲ್ಲ, ಅನ್ಯಾಯ ಕಡಿಮೆಯಾಗುತ್ತದೆ.

ಫಿನ್ಲೆಂಡಿನಲ್ಲಿ ಹತ್ತು ದರ್ಜೆಯ ಅಳತೆ ಇದೆ, 8ರಿಂದ 10 ಬಂದವರಿಗೆ ಚಿಕಿತ್ಸೆ. ನಾರ್ವೆಯದು ಇನ್ನೊಂದು ಬಗೆ: ತೀವ್ರತೆ ನೋಡಿ ನಿಗದಿತ ದರದ 100%, 75% ಅಥವಾ 40% ಅನ್ನು ಸರ್ಕಾರ ಕೊಡುತ್ತದೆ. ಒಂದೇ ಗೆರೆ ಇರುವ ಕಡೆ ಮಗು ಒಳಗೆ ಇಲ್ಲವೇ ಹೊರಗೆ. ಮೆಟ್ಟಿಲು ಇರುವ ಕಡೆ ಪೆಟ್ಟು ಅಷ್ಟು ಜೋರಾಗಿ ಬೀಳುವುದಿಲ್ಲ. ಆದರೆ 40% ಸಿಕ್ಕಿದ ಮನೆಯವರು ಉಳಿದ 60% ತರಬೇಕಲ್ಲ. ಅದನ್ನು ತರಲಾಗದ ಮನೆಯ ಪಾಲಿಗೆ ಆ ಮೆಟ್ಟಿಲೂ ಒಂದು ಗೋಡೆಯೇ.

ಸೂಚ್ಯಂಕದ ಬಗ್ಗೆ ಎಷ್ಟೇ ತಕರಾರು ಇದ್ದರೂ ನಾನು ಅದರ ಪರ. ಅದಿಲ್ಲದೆ ಹೋದರೆ ಯಾರು ಗಟ್ಟಿಯಾಗಿ ಕೇಳುತ್ತಾರೋ ಅವರ ಮಕ್ಕಳಿಗೆ ಕ್ಲಿಪ್ ಸಿಗುತ್ತದೆ. ಒಂದು ಮಾತು ಮಾತ್ರ ಸೇರಿಸಬೇಕು. ಮಗುವಿಗೆ ಎಷ್ಟನೇ ದರ್ಜೆ, ಯಾಕೆ ಅನ್ನುವುದನ್ನು ಮನೆಯವರಿಗೆ ಬರೆದು ಕೊಡಬೇಕು. "ಇವಳಿಗೆ ಬೇಕಾಗಿಲ್ಲ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಅವರು ಮರುಪ್ರಶ್ನೆ ಕೇಳುವುದಾದರೂ ಹೇಗೆ?

ಅಂದವಾ, ಆರೋಗ್ಯವಾ

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಯಾಕೆಂದರೆ ಕ್ಲಿಪ್ ಹಾಕಿಸಿದರೆ ಹಲ್ಲು ಹುಳುಕಾಗಲ್ಲ, ಒಸಡು ಹಾಳಾಗಲ್ಲ, ಮುಂದೆ ಎಲ್ಲ ಚೆನ್ನಾಗಿರುತ್ತೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಆ ಮಾತಿಗೆ ಪುರಾವೆ ತೆಳ್ಳಗಿದೆ. ಸೊಟ್ಟ ಹಲ್ಲಿದ್ದೂ ಚೆನ್ನಾಗಿ ಉಜ್ಜುವ ಮಗುವಿನ ಬಾಯಿ ಆರೋಗ್ಯವಾಗಿಯೇ ಇರುತ್ತದೆ.

ಗಟ್ಟಿ ಪುರಾವೆ ಇರುವ ಕಡೆಯೂ ಇದೆ. ಮೇಲಿನ ಬಾಚಿಹಲ್ಲು ತುಂಬಾ ಮುಂದೆ ಬಂದಿದ್ದರೆ ಬಿದ್ದಾಗ ಮೊದಲು ಮುರಿಯುವುದು ಅದೇ. ದವಡೆಯೊಳಗೆ ಸಿಕ್ಕಿಕೊಂಡ ಹಲ್ಲು ಪಕ್ಕದ ಬೇರನ್ನು ತಿನ್ನಬಹುದು. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗಡೆ ಕೂತು ಅಡ್ಡಕಚ್ಚಾಗಿ, ಬಾಯಿ ಮುಚ್ಚುವಾಗಲೆಲ್ಲ ದವಡೆ ಒಂದು ಕಡೆ ಜಾರುತ್ತಿದ್ದರೆ ಬೇಗ ಸರಿಮಾಡುವುದು ಒಳ್ಳೆಯದು. ಸೀಳುತುಟಿ, ಸೀಳು ಅಂಗುಳ ಇರುವ ಮಕ್ಕಳ ವಿಷಯದಲ್ಲಂತೂ ಚರ್ಚೆಯೇ ಬೇಡ, ಅವರು ಸೂಚ್ಯಂಕದ ಅತಿ ಮೇಲಿನ ದರ್ಜೆಯಲ್ಲಿದ್ದಾರೆ.

ಇನ್ನು ಮನಸ್ಸಿನ ಮಾತು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1981ರಲ್ಲಿ ಹನ್ನೊಂದು ಹನ್ನೆರಡು ವರ್ಷದ 1,018 ಮಕ್ಕಳನ್ನು ಪರೀಕ್ಷೆ ಮಾಡಿ, ಇಪ್ಪತ್ತು ವರ್ಷ ಆದಮೇಲೆ ಅವರಲ್ಲಿ 337 ಜನರನ್ನು ಮತ್ತೆ ನೋಡಿದರು. ಬಾಲ್ಯದಲ್ಲಿ ಕ್ಲಿಪ್ ಹಾಕಿಸಿಕೊಂಡವರ ಹಲ್ಲಿನ ಸಾಲು ಚೆನ್ನಾಗಿತ್ತು, ತಮ್ಮ ಹಲ್ಲಿನ ಬಗ್ಗೆ ಅವರಿಗೆ ಸಮಾಧಾನವೂ ಇತ್ತು. ಆದರೆ ದೊಡ್ಡವರಾದ ಮೇಲಿನ ಆತ್ಮವಿಶ್ವಾಸ, ಮನಸ್ಸಿನ ಆರೋಗ್ಯ ಇವುಗಳಲ್ಲಿ ಕ್ಲಿಪ್ಪಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ಹಿಡಿದು "ನೋಡಿ, ಇದೆಲ್ಲ ಬರೀ ಶೋಕಿ" ಅನ್ನುವವರಿದ್ದಾರೆ.

ನನಗೆ ಅದು ಸರಿ ಅನ್ನಿಸುವುದಿಲ್ಲ. ಮೂವತ್ತನೇ ವಯಸ್ಸಿನ ಸರಾಸರಿ ಲೆಕ್ಕ ಹನ್ನೆರಡರ ಮಗುವಿನ ನೋವಿಗೆ ಉತ್ತರ ಹೇಗಾಗುತ್ತದೆ? ಬ್ರಿಟನ್ನಿನಲ್ಲಿ ಹಲ್ಲು ಸರಿಪಡಿಸಲು ಬಂದ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಕೇಳಿದ ಅಧ್ಯಯನವೊಂದು 2011ರಲ್ಲಿ ಬಂತು. ಅವರಲ್ಲಿ 12.8% ಮಕ್ಕಳು ಶಾಲೆಯಲ್ಲಿ ಪೀಡನೆಗೆ ಒಳಗಾಗಿದ್ದರು. ನಗುವಾಗ ಕೈ ತಂತಾನೇ ಬಾಯಿಗೆ ಹೋಗುವ ಮಗುವನ್ನು ನೀವು ನೋಡಿದ್ದೀರಿ ಅಲ್ವಾ? ಗುಂಪು ಫೋಟೊದಲ್ಲಿ ಅದೊಂದೇ ತುಟಿ ಬಿಗಿದು ನಿಂತಿರುತ್ತದೆ. ಅದಕ್ಕೆ ಇಪ್ಪತ್ತು ವರ್ಷ ಕಾಯಿ, ಎಲ್ಲ ಸರಿಯಾಗುತ್ತೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಐಒಟಿಎನ್‌ನಲ್ಲಿ ನೋಟದ ಭಾಗ ಇಟ್ಟಿರುವುದು ಈ ಕಾರಣಕ್ಕೆ ಒಳ್ಳೆಯದೇ. ಆದರೆ ಅದರಲ್ಲಿ ಅಂಕ ಕೊಡುವವರು ದೊಡ್ಡವರು. ಮಗುವಿಗೆ ಎಷ್ಟು ಕಾಡುತ್ತಿದೆ ಅಂತ ಮಗುವನ್ನೇ ಕೇಳಿ ಬರೆದುಕೊಳ್ಳುವ ಒಂದು ಜಾಗ ಆ ಫಾರಂನಲ್ಲಿ ಇರಬೇಕು.

ಬೇಗ ಹಾಕಿದರೆ ಒಳ್ಳೆಯದಾ?

ಏಳೆಂಟು ವರ್ಷಕ್ಕೇ ಕ್ಲಿಪ್ ಹಾಕಿಸಿಬಿಡೋಣ ಅಂತ ಬಹಳ ತಾಯಿ ತಂದೆ ಕೇಳುತ್ತಾರೆ. ಉಬ್ಬುಹಲ್ಲಿನ ವಿಷಯದಲ್ಲಿ ಇದಕ್ಕೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳಲ್ಲಿ ಸ್ಪಷ್ಟ ಉತ್ತರ ಇದೆ. ಚಿಕ್ಕ ವಯಸ್ಸಿನಲ್ಲಿ ಒಂದು ಸಲ, ಹದಿಹರೆಯದಲ್ಲಿ ಇನ್ನೊಂದು ಸಲ ಅಂತ ಎರಡು ಹಂತದಲ್ಲಿ ಮಾಡಿದರೂ, ಹದಿಹರೆಯದಲ್ಲಿ ಒಂದೇ ಸಲ ಮಾಡಿದರೂ ಕೊನೆಗೆ ಹಲ್ಲಿನ ಸಾಲು ಹೆಚ್ಚುಕಮ್ಮಿ ಒಂದೇ. ಬೇಗ ಮಾಡಿದವರಲ್ಲಿ ಬಾಚಿಹಲ್ಲಿಗೆ ಪೆಟ್ಟು ಬೀಳುವುದು ಕಡಿಮೆ, ಅಷ್ಟೇ ಲಾಭ. ಸಾರ್ವಜನಿಕ ಸೇವೆಗೆ ಇದು ದೊಡ್ಡ ಸಮಾಧಾನದ ಸುದ್ದಿ. ಹೆಚ್ಚಿನ ಮಕ್ಕಳು ಹನ್ನೆರಡು ಹದಿಮೂರರವರೆಗೆ ಕಾಯಬಹುದು. ಬಿದ್ದು ಪೆಟ್ಟು ಮಾಡಿಕೊಳ್ಳುವ ಅಪಾಯ ಜಾಸ್ತಿ ಇರುವವರನ್ನೂ, ತೀರಾ ಪೀಡನೆಗೆ ಸಿಕ್ಕವರನ್ನೂ ಮುಂಚೆ ತೆಗೆದುಕೊಂಡರೆ ಸಾಕು.

ಕಾಯಬಾರದ ಕೆಲಸಗಳು ಬೇರೆ ಇವೆ, ಅವು ಹೆಚ್ಚಾಗಿ ಸಣ್ಣ ಕೆಲಸಗಳು. ಕೋರೆಹಲ್ಲಿನದು ಹೇಳಿದೆ. ದವಡೆ ಜಾರುವ ಅಡ್ಡಕಚ್ಚು ಇನ್ನೊಂದು. ಬೆರಳು ಚೀಪುವ ಅಭ್ಯಾಸ ಶಾಶ್ವತ ಬಾಚಿಹಲ್ಲು ಬರುವ ಹೊತ್ತಿಗೆ ಬಿಡಿಸುವುದು ಮತ್ತೊಂದು. ಇವೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಆರನೇ ವಯಸ್ಸಿಗೆ ಬರುವ ಮೊದಲ ಶಾಶ್ವತ ದವಡೆಹಲ್ಲು. ಅದು ತೀರಾ ಹುಳುಕಾಗಿ ಉಳಿಯುವ ಹಾಗಿಲ್ಲ ಅಂತಾದರೆ, ಎಂಟರಿಂದ ಹತ್ತರ ನಡುವೆ ಕಿತ್ತರೆ ಹಿಂದಿನ ದವಡೆಹಲ್ಲು ಮುಂದೆ ಸರಿದು ಬಂದು ಆ ಜಾಗ ತುಂಬಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ಕೆಳದವಡೆಯಲ್ಲಂತೂ ಈ ಸಮಯ ತಪ್ಪಬಾರದು. ಹನ್ನೆರಡಾದ ಮೇಲೆ ಕಿತ್ತರೆ ಹಿಂದಿನ ಹಲ್ಲು ವಾಲಿ ನಿಂತು ಸಂದಿ ಉಳಿಯುತ್ತದೆ. ಈ ತೀರ್ಮಾನವನ್ನು ದಿನಾ ತೆಗೆದುಕೊಳ್ಳುವವರು ಶಾಲಾ ದಂತ ಸೇವೆಯವರೇ. ಮತ್ತೆ ಮತ್ತೆ ತುಂಬುತ್ತಾ ಹೋಗುವುದಾ, ಈಗಲೇ ಕೀಳುವುದಾ ಅಂತ ಕೇಳಲು ಅವರಿಗೆ ಒಬ್ಬ ಆರ್ಥೊಡಾಂಟಿಸ್ಟ್ ಫೋನಿನಲ್ಲಾದರೂ ಸಿಗಬೇಕು. ಹುಳುಕಿನ ಕೆಲಸ ಬೇರೆ, ವಕ್ರದಂತದ ಕೆಲಸ ಬೇರೆ ಅಂತ ಎರಡು ಡಬ್ಬ ಮಾಡಿದ್ದರಿಂದ ಈ ಮಕ್ಕಳು ನಡುವೆ ಬಿದ್ದುಹೋಗುತ್ತಾರೆ.

ವಯಸ್ಸಿನ ಇನ್ನೊಂದು ತೊಡಕು ವ್ಯವಸ್ಥೆಯಲ್ಲೇ ಇದೆ. 1980ರಲ್ಲಿ ಶುರುವಾದ ಹಾಂಗ್‌ಕಾಂಗಿನ ಶಾಲಾ ದಂತ ಸೇವೆಯ ಹಾಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆಂದೇ ಕಟ್ಟಿದ ಸೇವೆಗಳನ್ನು ನೋಡಿ. ಕೋರೆಹಲ್ಲು ಹೊರಬರುವ, ಕ್ಲಿಪ್ ಹಾಕುವ ಹೊತ್ತು ಬರುವಾಗ ಮಗು ಪ್ರಾಥಮಿಕ ಶಾಲೆ ಬಿಡುತ್ತಿರುತ್ತದೆ. ಅಷ್ಟು ವರ್ಷದ ಕಾರ್ಡು, ಎಕ್ಸ್‌ರೇ ಎಲ್ಲ ಮಗುವಿನ ಜೊತೆ ಮುಂದೆ ಹೋಗದಿದ್ದರೆ ಮುಂದಿನ ಡಾಕ್ಟರು ಮೊದಲಿನಿಂದ ಶುರುಮಾಡಬೇಕು.

ಬಾಯಿ ಶುಚಿಯಾಗಿರಬೇಕು ಎಂಬ ಷರತ್ತು

ಕ್ಲಿಪ್ ಹಾಕುವ ಮುಂಚೆ ಬಾಯಿ ಶುಚಿಯಾಗಿರಬೇಕು, ಹುಳುಕು ಇರಬಾರದು ಅನ್ನುವುದು ಎಲ್ಲ ಕಡೆಯ ನಿಯಮ. ಅದಕ್ಕೆ ಕಾರಣವೂ ಇದೆ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಸುತ್ತ ಕೊಳೆ ಕೂತರೆ ಕೆಲವೇ ವಾರಗಳಲ್ಲಿ ಹಲ್ಲಿನ ಮೇಲೆ ಸುಣ್ಣದ ಹಾಗೆ ಬಿಳಿ ಮಚ್ಚೆ ಮೂಡುತ್ತದೆ. ಕ್ಲಿಪ್ ತೆಗೆದ ದಿನ ಸಾಲು ನೆಟ್ಟಗಿರುತ್ತದೆ, ಪ್ರತಿ ಹಲ್ಲಿನ ಮೇಲೂ ಬ್ರಾಕೆಟ್ಟಿನ ಅಚ್ಚು ಉಳಿದಿರುತ್ತದೆ. ಆ ಗಾಯ ಮಾಡುವ ಹಕ್ಕು ಯಾವ ಸೇವೆಗೂ ಇಲ್ಲ.

ಆದರೆ ಷರತ್ತು ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ನೋಡಬೇಕು. ಹುಳುಕು ಜಾಸ್ತಿ ಇರುವುದು ಬಡಮನೆಯ ಮಕ್ಕಳಲ್ಲಿ. ವಕ್ರದಂತ ಮಾತ್ರ ಬಡವ ಬಲ್ಲಿದ ಅಂತ ನೋಡುವುದಿಲ್ಲ. ಹಾಗಾಗಿ ಒಂದೇ ದರ್ಜೆಯ ತೊಂದರೆ ಇರುವ ಇಬ್ಬರು ಮಕ್ಕಳಲ್ಲಿ ಷರತ್ತಿನಿಂದ ಹೊರಗುಳಿಯುವುದು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಎರಡು ಭೇಟಿ ತಪ್ಪಿಸಿದರೆ ಪಟ್ಟಿಯಿಂದ ಹೆಸರು ತೆಗೆಯುವ ನಿಯಮವೂ ಹಾಗೆಯೇ. ಅಪ್ಪನಿಗೋ ಅಮ್ಮನಿಗೋ ಕೆಲಸದಿಂದ ರಜೆ ಸಿಗದಿದ್ದರೆ ಮಗು ಭೇಟಿ ತಪ್ಪಿಸುತ್ತದೆ. ಅದು ಮಗುವಿನ ಅಸಡ್ಡೆ ಅಲ್ಲ.

ಷರತ್ತು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಷರತ್ತು ಪೂರೈಸಲು ಸಹಾಯ ಮಾಡುವುದೂ ಸೇವೆಯ ಕೆಲಸವಾಗಲಿ. "ಬಾಯಿ ಶುಚಿಯಿಲ್ಲ, ಆಗಲ್ಲ" ಅಂತ ಮುಗಿಸುವ ಬದಲು "ಮೂರು ತಿಂಗಳು ಸಮಯ ತಗೊಳ್ಳಿ, ಈ ದಿನ ಮತ್ತೆ ನೋಡ್ತೇವೆ" ಅಂತ ತಾರೀಖು ಕೊಡಬೇಕು. ನಡುವೆ ಶಾಲೆಯಲ್ಲೇ ಉಜ್ಜುವುದನ್ನು ಕಲಿಸಿ, ಫ್ಲೋರೈಡ್ ಹಚ್ಚಬೇಕು. ಮಗು ಇರುವ ಜಾಗಕ್ಕೇ ಹೋಗಬಲ್ಲ ಸೇವೆ ಇದೊಂದೇ ಅಲ್ವಾ? ಇಂಗ್ಲೆಂಡಿನಲ್ಲಿ ಆರ್ಥೊಡಾಂಟಿಕ್ ಥೆರಪಿಸ್ಟ್ ಎಂಬ ಹುದ್ದೆಯೇ ಇದೆ. ತಜ್ಞರು ಯೋಜನೆ ಬರೆಯುತ್ತಾರೆ, ತಂತಿ ಬದಲಿಸುವಂಥ ಕೆಲಸವನ್ನು ತರಬೇತಾದ ಥೆರಪಿಸ್ಟ್ ಮಾಡುತ್ತಾರೆ. ಇಂಥವರು ಶಾಲೆಯ ಹತ್ತಿರವೇ ಕೂತರೆ ಭೇಟಿ ತಪ್ಪುವುದು ಎಷ್ಟೋ ಕಡಿಮೆಯಾಗುತ್ತದೆ.

ಕ್ಲಿಪ್ ತೆಗೆದ ಮೇಲಿನ ಮಾತನ್ನು ಯಾರೂ ಆಡುವುದಿಲ್ಲ. ಹಲ್ಲು ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತಲೇ ಇರುತ್ತದೆ, ಒಸಡಿನ ನಾರುಗಳು ಅದನ್ನು ಎಳೆಯುತ್ತಿರುತ್ತವೆ. ಅದಕ್ಕೇ ರಿಟೇನರ್. ರಾತ್ರಿ ಹಾಕಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು, ಇಲ್ಲವೇ ಹಲ್ಲಿನ ಹಿಂದೆ ಅಂಟಿಸಿದ ಸಣ್ಣ ತಂತಿ. ಒಂದು ವರ್ಷ ಹಾಕಿ ಬಿಟ್ಟರೆ ಸಾಲದು. ಸಾಲು ನೆಟ್ಟಗೇ ಇರಬೇಕು ಅಂದರೆ ವರ್ಷಾನುಗಟ್ಟಲೆ ಹಾಕಬೇಕು ಅಂತಲೇ ಈಗ ತಜ್ಞರು ಹೇಳುತ್ತಾರೆ. ಚಿಕಿತ್ಸೆಯ ಫಲ ಅಳೆಯಲು 1992ರಿಂದ ಪಿಎಆರ್ ಎಂಬ ಸೂಚ್ಯಂಕ ಇದೆ. ಸಾಮಾನ್ಯವಾಗಿ ಚಿಕಿತ್ಸೆಗೆ ಮುಂಚಿನ ಅಚ್ಚನ್ನೂ ಕ್ಲಿಪ್ ತೆಗೆದಾಗಿನ ಅಚ್ಚನ್ನೂ ಇಟ್ಟು ಹೋಲಿಸುತ್ತಾರೆ. ಅವತ್ತು ಎಲ್ಲರ ಹಲ್ಲೂ ಚೆನ್ನಾಗಿಯೇ ಇರುತ್ತದೆ. ಹದಿನೈದರ ಹುಡುಗ ರಿಟೇನರನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಕಳೆದುಕೊಂಡ ಮೇಲೆ ಏನಾಗುತ್ತದೆ? ಇನ್ನೊಂದು ಕೊಡುವವರು ಯಾರು? ಎರಡು ವರ್ಷದ ಶ್ರಮವೂ ಸಾರ್ವಜನಿಕ ಹಣವೂ ಆ ಒಂದು ಪ್ಲಾಸ್ಟಿಕ್ ತುಂಡಿನ ಮೇಲೆ ನಿಂತಿರುತ್ತದೆ. ಎರಡನೇ ರಿಟೇನರಿನ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಸೇರಿಸದ ಸೇವೆ ಅರ್ಧ ಚಿಕಿತ್ಸೆ ಕೊಟ್ಟ ಹಾಗೆ.

ನಿಮ್ಮ ಮಗುವಿನ ಶಾಲೆಯಲ್ಲಿ ತಪಾಸಣೆ ಆದರೆ, ಮಗುವಿಗೆ ಒಂಬತ್ತೋ ಹತ್ತೋ ಆಗಿದ್ದರೆ, ಹುಳುಕಿನ ಬಗ್ಗೆ ಮಾತ್ರ ಕೇಳಿ ಬರಬೇಡಿ. ಮೇಲಿನ ಕೋರೆಹಲ್ಲು ಎರಡೂ ಕಡೆ ಬೆರಳಿಗೆ ಸಿಕ್ಕಿತಾ ಅಂತ ಕೇಳಿ. ಆರನೇ ವರ್ಷಕ್ಕೆ ಬಂದ ದವಡೆಹಲ್ಲು ನಾಲ್ಕೂ ಗಟ್ಟಿ ಇವೆಯಾ ಕೇಳಿ. ಬಾಯಿ ಮುಚ್ಚುವಾಗ ದವಡೆ ಒಂದು ಕಡೆ ಜಾರುತ್ತದಾ ನೋಡಲು ಹೇಳಿ. ಉತ್ತರವನ್ನು ತಾರೀಖಿನ ಸಮೇತ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕೋರೆ ಸಿಗಲಿಲ್ಲ ಅಂತ ಹೇಳಿದರೆ ಮುಂದಿನ ವರ್ಷದ ತಪಾಸಣೆವರೆಗೆ ಕಾಯದೆ ಎಕ್ಸ್‌ರೇ ಯಾವಾಗ ಅಂತ ಅವತ್ತೇ ಕೇಳಿ.